ವರ್ಷಕ್ಕೆ 20 ಪೌಂಡ್

ಲಂಡನ್ನಿನ ಕ್ಯೂ ಎಂಬಲ್ಲಿ, ಸರ್ಕಾರದ ಹಳೆಯ ದಾಖಲೆಗಳನ್ನು ಇಟ್ಟಿರುವ ನ್ಯಾಷನಲ್ ಆರ್ಕೈವ್ಸ್‌ನ ಓದುವ ಕೋಣೆಗೆ ಪೆನ್ನು ಒಯ್ಯುವ ಹಾಗಿಲ್ಲ. ಪೆನ್ಸಿಲ್ ಮಾತ್ರ. ಬ್ಯಾಗು, ಕೋಟು, ನೀರಿನ ಬಾಟಲಿ ಎಲ್ಲವನ್ನೂ ಲಾಕರಿನಲ್ಲಿಟ್ಟು ಹೋಗಬೇಕು. ಲಂಡನ್ನಿಗೆ ಬಂದು ಒಂಬತ್ತು ವರ್ಷವಾಗಿದ್ದರೂ ನಾನು ಅಲ್ಲಿಗೆ ಮೊದಲ ಸಲ ಹೋಗಿದ್ದು ಕಳೆದ ಚಳಿಗಾಲದಲ್ಲಿ. ನಮ್ಮದು ಶ್ರೀರಂಗಪಟ್ಟಣದ ಪಕ್ಕದ ಹಳ್ಳಿ. 1799ರಲ್ಲಿ ನಮ್ಮ ಕೋಟೆಗೆ ನುಗ್ಗಿದ ಬ್ರಿಟಿಷ್ ಅಧಿಕಾರಿಗಳು ಯಾರ ಮನೆಯ ಮಕ್ಕಳು, ಅಷ್ಟು ದೂರ ಯಾಕೆ ಬಂದರು ಅಂತ ತಿಳಿಯುವ ಆಸೆ ನನಗೆ ಚಿಕ್ಕಂದಿನಿಂದ ಇತ್ತು.

ಆದರೆ ಆ ದಿನ ನಾನು ಓದುತ್ತಾ ಕೂತದ್ದು ಯುದ್ಧದ ವರದಿಗಳನ್ನಲ್ಲ. ಸತ್ತ ಅಧಿಕಾರಿಗಳ ಹೆಂಡತಿಯರು ಪಿಂಚಣಿಗಾಗಿ ಕಳಿಸಿದ ಕಾಗದಗಳನ್ನು. ಚರ್ಚಿನ ಪುಸ್ತಕದಿಂದ ನಕಲು ಮಾಡಿಸಿದ ಮದುವೆಯ ಸಾಕ್ಷಿ. ಮಕ್ಕಳ ಹುಟ್ಟಿನ ಸಾಕ್ಷಿ. ತಾನು ಮತ್ತೆ ಮದುವೆಯಾಗಿಲ್ಲ ಎಂದು ಮಾಡಿದ ಪ್ರಮಾಣ. ಮತ್ತೆ ಮದುವೆಯಾದರೆ ಪಿಂಚಣಿ ನಿಂತುಹೋಗುತ್ತಿತ್ತು.

ಓದುತ್ತಾ ಓದುತ್ತಾ ಅಮ್ಮ ನೆನಪಾದಳು. ಅಪ್ಪ ತೀರಿಕೊಂಡಾಗ ನಾನು ಏಳನೇ ಕ್ಲಾಸು. ಮದುವೆಯಾದದ್ದಕ್ಕೆ ದಾಖಲೆ ತನ್ನಿ ಎಂದರು ಕಚೇರಿಯಲ್ಲಿ. ದೇವಸ್ಥಾನದಲ್ಲಿ ಆದ ಮದುವೆಗೆ ಎಲ್ಲಿಯ ದಾಖಲೆ? ಅಮ್ಮ ಟ್ರಂಕಿನ ತಳದಿಂದ ಲಗ್ನಪತ್ರಿಕೆ ತೆಗೆದಳು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದ ಪತ್ರಿಕೆ. ಗುಮಾಸ್ತರು ಅದನ್ನು ನೋಡಿ ವಾಪಸ್ ಕೊಟ್ಟರು. ಪಿಂಚಣಿ ಕೈಗೆ ಬರಲು ಹದಿನಾಲ್ಕು ತಿಂಗಳಾಯಿತು. ಅಷ್ಟೂ ದಿನ ಸೋದರಮಾವನ ಮನೆಯಿಂದ ರಾಗಿ ಬರುತ್ತಿತ್ತು.

ಆ ಕಾಲದ ಬ್ರಿಟಿಷ್ ಸೇನೆಯಲ್ಲಿ ಅಧಿಕಾರಿಯ ಹುದ್ದೆಯನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಅದನ್ನು ಕಮಿಷನ್ ಎನ್ನುತ್ತಿದ್ದರು. 1766ರ ರಾಜಾಜ್ಞೆಯ ಪ್ರಕಾರ ಕಾಲಾಳು ರೆಜಿಮೆಂಟಿನಲ್ಲಿ ಎಲ್ಲಕ್ಕಿಂತ ಕೆಳಗಿನ ಅಧಿಕಾರಿ, ಅಂದರೆ ಎನ್ಸೈನ್, ಆಗಲು 400 ಪೌಂಡ್. ಕ್ಯಾಪ್ಟನ್ ಆಗಲು 1,500. ಲೆಫ್ಟಿನೆಂಟ್ ಕರ್ನಲ್ ಆಗಲು 3,500. ಎನ್ಸೈನ್‌ನ ಸಂಬಳವೋ ದಿನಕ್ಕೆ 3 ಶಿಲ್ಲಿಂಗ್ 8 ಪೆನ್ಸ್ (ಆಗ 12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್). ಅದರಲ್ಲೂ ಕಡಿತ ಉಂಟು. ಒಂದು ಕಾಸೂ ಮುಟ್ಟದೆ ಕೂಡಿಟ್ಟರೂ 400 ಪೌಂಡಿಗೆ ಆರು ವರ್ಷ ಬೇಕು. ಹಾಗಾಗಿ ಅಪ್ಪ, ಚಿಕ್ಕಪ್ಪ, ಅಣ್ಣ, ಯಾರಾದರೊಬ್ಬರು ದುಡ್ಡು ಹಾಕಬೇಕು. ಇಲ್ಲದಿದ್ದರೆ ಯಾರಾದರೂ ದೊಡ್ಡವರು ಒಂದು ಮಾತು ಹೇಳಬೇಕು. ಈ ಕೊಳ್ಳುವ ಮಾರುವ ಪದ್ಧತಿ ನಿಂತದ್ದು 1871ರಲ್ಲಿ.

ಹೊಲ ಮಾರಿ ಮಗನಿಗೆ ಕೆಲಸ ಕೊಡಿಸುವುದು ನಮಗೇನೂ ಹೊಸದಲ್ಲ. ನನಗೆ ನಿಜವಾಗಿ ಸಂಕಟವಾದದ್ದು ಬೇರೆ ವಿಷಯಕ್ಕೆ. ಬದುಕಿರುವಾಗ ನಿವೃತ್ತನಾದರೆ ಅಧಿಕಾರಿ ತನ್ನ ಕಮಿಷನ್ ಮಾರಿ ದುಡ್ಡು ಪಡೆಯಬಹುದಿತ್ತು. ಅದೇ ಅವನ ಮುಪ್ಪಿನ ಗಂಟು. ಯುದ್ಧದಲ್ಲಿ ಸತ್ತರೆ ಸಾಮಾನ್ಯವಾಗಿ ಆ ಗಂಟೂ ಅವನೊಂದಿಗೇ ಹೋಗುತ್ತಿತ್ತು. ಹುದ್ದೆ ಮುಂದಿನವನಿಗೆ ಬಿಟ್ಟಿಯಾಗಿ ಸಿಗುತ್ತಿತ್ತು. ಸಾಲ ಮಾಡಿ ಕೊಂಡಿದ್ದರೆ ಸಾಲ ಮಾತ್ರ ಮನೆಯಲ್ಲಿ ಉಳಿಯಿತು. ರಾಜ ದಯೆ ತೋರಿ, ಮನೆಯವರ ಸಲುವಾಗಿ ಮಾರಲು ಬಿಟ್ಟದ್ದೂ ಉಂಟು. ಆದರೆ ಆ ದಯೆ ಬೇಕಾದರೆ ಪತ್ರ ಬರೆಯಬೇಕು, ಅದನ್ನು ಒಳಗೆ ತಲುಪಿಸುವವರು ಬೇಕು. ಗೋಡೆಗೆ ತಲೆ ಒರಗಿಸಿ ಅಳುವುದಕ್ಕೂ ಪುರುಸೊತ್ತಿಲ್ಲದ ಹೊತ್ತಿನಲ್ಲಿ ಹೆಂಗಸರು ಬರೆದ ಪತ್ರಗಳು ಅವು.

ಸತ್ತ ಅಧಿಕಾರಿಯ ಪುಟ್ಟ ಮಗನ ಹೆಸರಿಗೇ ಕಮಿಷನ್ ಕೊಡುವ ರೂಢಿಯೂ ಇತ್ತು. ಹುಡುಗ ಮನೆಯಲ್ಲಿ ಆಡಿಕೊಂಡಿರುತ್ತಾನೆ, ಸಂಬಳ ತಾಯಿಗೆ ಬರುತ್ತದೆ. ಇದು ದುರುಪಯೋಗವಾಯಿತು, ನಿಜ. ದೊಡ್ಡವರೂ ತಮ್ಮ ಮಕ್ಕಳ ಹೆಸರು ಸೇರಿಸಿದರು. 1795ರಲ್ಲಿ ಸೇನೆಯ ಮುಖ್ಯಸ್ಥನಾದ ಯಾರ್ಕ್ ಡ್ಯೂಕ್ ಹದಿನಾರು ತುಂಬದೆ ಕಮಿಷನ್ ಇಲ್ಲ ಎಂದು ಬಿಗಿ ಮಾಡಿದ. ಸರಿಯಾದ ನಿಯಮವೇ. ಆದರೂ ಆ ಸಂಬಳದಲ್ಲಿ ಒಲೆ ಉರಿಸುತ್ತಿದ್ದ ವಿಧವೆಯರ ಬಗ್ಗೆ ಯೋಚಿಸದೆ ಇರಲು ನನಗೆ ಆಗುವುದಿಲ್ಲ.

ಮನೆಗೆ ಬಂದ ಮೇಲೆ ಇಂಥ ಮನೆಗಳ ಕಥೆ ಹುಡುಕಿ ಓದತೊಡಗಿದೆ. ಮನಸ್ಸಿನಲ್ಲಿ ಕೂತದ್ದು ರೋಜರ್ ಸ್ಟರ್ನ್ ಎಂಬ ಎನ್ಸೈನ್‌ನ ಮನೆ. ಅವನ ಅಜ್ಜ ಯಾರ್ಕಿನ ಆರ್ಚ್‌ಬಿಷಪ್. ಮನೆತನ ದೊಡ್ಡದು, ಕೈಯಲ್ಲಿ ಕಾಸಿಲ್ಲ. ಹೆಂಡತಿ ಆಗ್ನೆಸ್ ಅದಕ್ಕೂ ಮೊದಲು ಇನ್ನೊಬ್ಬ ಸೇನಾಧಿಕಾರಿಯ ವಿಧವೆ. 1713ರ ನವೆಂಬರಿನಲ್ಲಿ ಅವಳು ಡಂಕರ್ಕಿನಿಂದ ಐರ್ಲೆಂಡಿನ ಕ್ಲಾನ್‌ಮೆಲ್‌ಗೆ ಬಂದಳು, ತುಂಬಿದ ಬಸುರಿ. ಯುದ್ಧ ಮುಗಿದಿತ್ತು. ಅವರು ಬಂದಿಳಿಯುತ್ತಿದ್ದಂತೆ ರೆಜಿಮೆಂಟನ್ನೇ ವಿಸರ್ಜಿಸಿಬಿಟ್ಟರು. ಹೀಗಾದಾಗ ಅಧಿಕಾರಿಗೆ ಅರ್ಧ ಸಂಬಳವಷ್ಟೇ. ಎನ್ಸೈನ್‌ಗೆ ದಿನಕ್ಕೆ 1 ಶಿಲ್ಲಿಂಗ್ 10 ಪೆನ್ಸ್. ಆ ದಿನಗಳಲ್ಲೇ, ನವೆಂಬರ್ 24ಕ್ಕೆ, ಗಂಡುಮಗು ಹುಟ್ಟಿತು. ಅವನೇ ಮುಂದೆ ಇಂಗ್ಲಿಷಿನ ದೊಡ್ಡ ಕಾದಂಬರಿಕಾರನಾದ ಲಾರೆನ್ಸ್ ಸ್ಟರ್ನ್. ತನ್ನ ಬಾಲ್ಯದ ಕಥೆಯನ್ನು ಅವನು ಮಗಳಿಗಾಗಿ ಬರೆದಿಟ್ಟ. ಅದರಿಂದಲೇ ನಮಗೆ ಇದೆಲ್ಲ ಗೊತ್ತು.

ಕೆಲವು ತಿಂಗಳು ಯಾರ್ಕ್‌ಷೈರಿನಲ್ಲಿ ಅಜ್ಜಿ ಮನೆ. ರೆಜಿಮೆಂಟ್ ಮತ್ತೆ ಕಟ್ಟಿದಾಗ ಡಬ್ಲಿನ್. ಆಮೇಲೆ ಎಕ್ಸೆಟರ್, ಐಲ್ ಆಫ್ ವೈಟ್, ವಿಕ್ಲೋ, ಕ್ಯಾರಿಕ್‌ಫರ್ಗಸ್. ಒಂದು ಬ್ಯಾರಕ್ಕಿನಿಂದ ಇನ್ನೊಂದಕ್ಕೆ ಗಂಟುಮೂಟೆ ಕಟ್ಟಿದ್ದೇ ಕಟ್ಟಿದ್ದು. ಪ್ರತಿ ಊರಿನಲ್ಲೂ ಒಂದು ಹೆರಿಗೆ, ಇಲ್ಲವೇ ಒಂದು ಸಾವು ಅನ್ನುವ ಹಾಗೆ ಸಾಗುತ್ತದೆ ಆ ಬರಹ. ಬ್ರಿಸ್ಟಲಿನಿಂದ ಹ್ಯಾಂಪ್‌ಷೈರಿಗೆ ಹೋಗುವ ದಾರಿಯಲ್ಲಿ ಜೋರಮ್ ಎಂಬ ಮಗ ಸಿಡುಬಿಗೆ ಹೋದ. ಡಬ್ಲಿನ್ ಬ್ಯಾರಕ್ಕಿನಲ್ಲಿ ಮೂರು ವರ್ಷದ ಆನ್ ಹೋದಳು. ಏಳು ಮಕ್ಕಳಲ್ಲಿ ನಾಲ್ವರು ಹೀಗೆ ದಾರಿಯಲ್ಲೇ ಉಳಿದರು.

ರೋಜರ್‌ನ ಕೊನೆ ಇನ್ನೂ ನೋವಿನದು. 1727ರಲ್ಲಿ ಜಿಬ್ರಾಲ್ಟರಿನಲ್ಲಿ ಒಂದು ಹೆಬ್ಬಾತಿನ ವಿಷಯಕ್ಕೆ ಜಗಳ ಬಂದು, ದ್ವಂದ್ವಯುದ್ಧದಲ್ಲಿ ಎದುರಾಳಿಯ ಕತ್ತಿ ಮೈಯೊಳಗೆ ಹಾಯ್ದುಹೋಯಿತು. ಬದುಕಿದ, ಆದರೆ ಮೊದಲಿನ ಶಕ್ತಿ ಬರಲಿಲ್ಲ. ಅಂಥವನನ್ನು ಜಮೈಕಾಕ್ಕೆ ಕಳಿಸಿದರು. ಜ್ವರ ಬಂದು ಬುದ್ಧಿ ಮಂಕಾಗಿ ಮಗುವಿನ ಹಾಗಾದ. ಯಾರ ಮೇಲೂ ದೂರು ಹೇಳದೆ ಒಂದೆರಡು ತಿಂಗಳು ಸುಮ್ನೆ ಓಡಾಡಿಕೊಂಡಿದ್ದು, 1731ರಲ್ಲಿ ಒಂದು ದಿನ ಕುರ್ಚಿಯಲ್ಲಿ ಕೂತವನು ಹಾಗೇ ಹೋಗಿಬಿಟ್ಟ.

ಆಗ್ನೆಸ್‌ಗೆ ಉಳಿದದ್ದು ವರ್ಷಕ್ಕೆ 20 ಪೌಂಡ್ ಪಿಂಚಣಿ. ಐರ್ಲೆಂಡಿನಲ್ಲಿ ಕಸೂತಿ ಕಲಿಸುವ ಶಾಲೆ ನಡೆಸಿದಳು.

ಮಗನ ದಾರಿ ಬೇರೆಯಾಗಿತ್ತು. ಹತ್ತರ ಆಸುಪಾಸಿನಲ್ಲೇ ಅವನನ್ನು ಹ್ಯಾಲಿಫ್ಯಾಕ್ಸಿನ ಶಾಲೆಗೆ ಬಿಟ್ಟಿದ್ದರು. ಅಪ್ಪ ಸತ್ತ ಮೇಲೆ ದೊಡ್ಡಪ್ಪನ ಮಗನೊಬ್ಬ ವರ್ಷಕ್ಕೆ 30 ಪೌಂಡ್ ಕೊಟ್ಟು ಕೇಂಬ್ರಿಡ್ಜಿಗೆ ಕಳಿಸಿದ. ಯಾರ್ಕ್ ಚರ್ಚಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಚಿಕ್ಕಪ್ಪ ಜೇಕ್ಸ್ ಪಾದ್ರಿ ಕೆಲಸ ಕೊಡಿಸಿದ. ಆ ಉಪಕಾರಕ್ಕೆ ಬೆಲೆ ಇತ್ತು. ಚುನಾವಣೆ ಹೊತ್ತಿನಲ್ಲಿ ಚಿಕ್ಕಪ್ಪನ ಪಕ್ಷದ ಪರ ಪತ್ರಿಕೆಗಳಿಗೆ ಬರೆದುಕೊಡಬೇಕು. ಸ್ವಲ್ಪ ಕಾಲ ಬರೆದ, ಆಮೇಲೆ ಒಲ್ಲೆ ಎಂದ. ಅಂದಿನಿಂದ ಚಿಕ್ಕಪ್ಪ ಶತ್ರುವಾದ. ಅಷ್ಟರಲ್ಲಿ ಮಗ ಅನುಕೂಲಸ್ಥರ ಮನೆಯ ಹುಡುಗಿಯನ್ನು ಮದುವೆಯಾದ ಸುದ್ದಿ ಕೇಳಿ ಆಗ್ನೆಸ್ ಇಂಗ್ಲೆಂಡಿಗೆ ಬಂದಿದ್ದಳು. ತನ್ನನ್ನೂ ನೋಡಿಕೊಳ್ಳಬೇಕು ಎಂದು ಕೇಳಿದಳು. ಮಗ ತನಗೂ ಕೈ ಬಿಗಿ ಎಂದ. ಚಿಕ್ಕಪ್ಪ ಅವಳ ಪರ ನಿಂತು ಅಣ್ಣನ ಮಗನ ಮೇಲಿನ ಸಿಟ್ಟು ತೀರಿಸಿಕೊಂಡ. ಆ ವಾದದಲ್ಲಿ ಮಗ ಬರೆದ ಉದ್ದದ ಪತ್ರ ಉಳಿದಿದೆ. ತಾಯಿಯ ಪತ್ರ ನನಗೆ ಎಲ್ಲೂ ಸಿಗಲಿಲ್ಲ. ಒಬ್ಬ ಹೆಂಗಸು ನಾಲ್ಕು ಮಕ್ಕಳನ್ನು ಮಣ್ಣು ಮಾಡಿದ್ದಾಳೆ, ಇಬ್ಬರು ಗಂಡಂದಿರನ್ನು ಕಳೆದುಕೊಂಡಿದ್ದಾಳೆ. ಅವಳು ಕೇಳಿದ್ದು ಜಾಸ್ತಿ ಅಂತ ನನಗಂತೂ ಅನ್ನಿಸಲಿಲ್ಲ. ಅವಳು 1759ರಲ್ಲಿ ಯಾರ್ಕಿನಲ್ಲಿ ತೀರಿಕೊಂಡಳು.

ಇನ್ನು ನಾನು ಹುಡುಕಲು ಹೋಗಿದ್ದ ನಮ್ಮೂರಿನ ಕಥೆ. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ನೀವು ನೋಡಿರುತ್ತೀರಿ. 1804ರಲ್ಲಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ್ದು, ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯ ಹೆಸರಿನದು. ಈ ರಿಚರ್ಡ್‌ನ ಅಪ್ಪ 1781ರಲ್ಲಿ ತೀರಿಕೊಂಡಾಗ ಮನೆಗೆ ಕಷ್ಟ ಬಂತು. ತಮ್ಮ ಆರ್ಥರ್‌ನನ್ನು ಈಟನ್ ಶಾಲೆ ಬಿಡಿಸಿದರು. ತಾಯಿ ಅವನನ್ನು ಕರೆದುಕೊಂಡು, ಖರ್ಚು ಕಡಿಮೆ ಅಂತ ಬ್ರಸೆಲ್ಸಿಗೆ ಹೋಗಿ ಇದ್ದಳು. ಆದರೆ ಇವರ ಕಷ್ಟಕ್ಕೆ ಮೇಲಿನವರ ಬಾಗಿಲು ತೆರೆದಿತ್ತು. ಅಣ್ಣ ರಿಚರ್ಡ್ ಐರ್ಲೆಂಡಿನ ರಾಜಪ್ರತಿನಿಧಿಗೆ ಪತ್ರ ಬರೆದ. 1787ರಲ್ಲಿ ಆರ್ಥರ್‌ಗೆ ಎನ್ಸೈನ್ ಹುದ್ದೆ. 1793ರಲ್ಲಿ ಅಣ್ಣನಿಂದಲೇ ದುಡ್ಡು ಪಡೆದು ಲೆಫ್ಟಿನೆಂಟ್ ಕರ್ನಲ್ ಹುದ್ದೆ. ಆರೇ ವರ್ಷದಲ್ಲಿ!

1799ರ ಮೇ 4ರಂದು ಕೋಟೆಗೆ ನುಗ್ಗಿದ ದಂಡಿನ ಮುಂದಾಳು ಡೇವಿಡ್ ಬೇರ್ಡ್. ಅದೇ ಊರಿನಲ್ಲಿ ಹಿಂದೆ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ಊರು ಬಿದ್ದ ಮೇಲೆ ಅದರ ಅಧಿಕಾರ ಸಿಕ್ಕಿದ್ದು ಅವನಿಗಲ್ಲ, ಅವನಿಗಿಂತ ಕಿರಿಯನಾದ, ಗವರ್ನರ್ ಜನರಲ್‌ನ ತಮ್ಮ ಆರ್ಥರ್‌ಗೆ. ಬೇರ್ಡ್‌ಗೆ ಆ ನೋವು ಕೊನೆತನಕ ಹೋಗಲಿಲ್ಲ. ಆರ್ಥರ್ ಸಮರ್ಥನೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ರೋಜರ್ ಸ್ಟರ್ನ್‌ಗೂ ಅಂಥ ಅಣ್ಣನೊಬ್ಬ ಇದ್ದಿದ್ದರೆ?

ಕಳೆದ ಭಾನುವಾರ ಅಮ್ಮನಿಗೆ ಫೋನಿನಲ್ಲಿ ಆಗ್ನೆಸ್ ಕಥೆ ಹೇಳಿದೆ. ಮಧ್ಯೆ ಮಾತಾಡದೆ ಕೇಳಿದಳು.

“ಆವಮ್ಮಂಗೆ ಕೊನೆಗಾದ್ರೂ ದುಡ್ಡು ಬಂತಾ?”

“ಬಂತಮ್ಮ. ವರ್ಷಕ್ಕೆ 20 ಪೌಂಡ್.”

“ಕಂತು ತಪ್ಪದಂಗೆ ಕೊಡ್ತಿದ್ರಾ?”

ಅದನ್ನು ನಾನು ಹುಡುಕಿರಲಿಲ್ಲ. ಗುರುವಾರ ರಜೆ ಹಾಕಿದ್ದೇನೆ, ಮತ್ತೆ ಕ್ಯೂಗೆ ಹೋಗಬೇಕು.