ಮೆನಾಯ್ ಸೇತುವೆ, ಕಲ್ಲೋಳ ಸೇತುವೆ ಮತ್ತು ಮಂತ್ರಿಗಳ ಉತ್ತರ

ಉತ್ತರ ಕರ್ನಾಟಕದವನಿಗೆ ಬ್ರಿಟನ್ನಿನ ಉತ್ತರ ವೇಲ್ಸ್ ಅರ್ಥವಾಗಲು ಹೆಚ್ಚು ದಿನ ಬೇಕಾಗುವುದಿಲ್ಲ. ರಾಜಧಾನಿ ಕಾರ್ಡಿಫ್ ಇರುವುದು ದಕ್ಷಿಣದ ಅಂಚಿನಲ್ಲಿ. ನಾನಿರುವ ಆಂಗಲ್ಸಿ ದ್ವೀಪ ವಾಯವ್ಯದ ಮೂಲೆಯಲ್ಲಿ. ಇಲ್ಲಿಂದ ಅಲ್ಲಿಗೆ ರೈಲಿನಲ್ಲಿ ಹೋಗಲು ನಾಲ್ಕು ತಾಸಿಗೂ ಹೆಚ್ಚು ಹಿಡಿಯುತ್ತದೆ. ಅದೂ ಇಂಗ್ಲೆಂಡಿನೊಳಗೆ ಹೊಕ್ಕು, ಅಲ್ಲಿನ ಊರುಗಳನ್ನು ದಾಟಿ, ಮತ್ತೆ ವೇಲ್ಸಿಗೆ ಇಳಿಯಬೇಕು. ತಮ್ಮ ರಾಜಧಾನಿಗೆ ಪಕ್ಕದವರ ನೆಲ ತುಳಿದು ಹೋಗಬೇಕಾದ ಜನ ಇವರು. ‘ದುಡ್ಡೆಲ್ಲ ದಕ್ಷಿಣಕ್ಕೇ ಹರಿಯುತ್ತದೆ, ನಮ್ಮನ್ನು ಕೇಳುವವರಿಲ್ಲ’ ಎಂಬ ಮಾತನ್ನು ಇಲ್ಲಿನ ಕ್ಷೌರದಂಗಡಿಯಲ್ಲಿ ಮೊದಲ ಸಲ ಕೇಳಿದಾಗ, ಚಿಕ್ಕೋಡಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತಿದ್ದೇನೆಯೇ ಎಂದು ಒಮ್ಮೆ ಅನುಮಾನ ಬಂತು.

ವೇಲ್ಸಿನ ಜನಸಂಖ್ಯೆ ಸುಮಾರು 31 ಲಕ್ಷ. 2011ರ ಜನಗಣತಿಯಲ್ಲೇ ನಮ್ಮ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47 ಲಕ್ಷ ದಾಟಿತ್ತು. ನಮ್ಮ ಜಿಲ್ಲೆಗೆ 18 ಶಾಸಕರು. ಇವರ ಶಾಸನಸಭೆ ‘ಸೆನೆದ್’ನಲ್ಲಿ 60 ಸದಸ್ಯರು ಇದ್ದರು, ಅದು ಸಾಲದೆಂದು 2026ರ ಚುನಾವಣೆಯಿಂದ 96 ಮಾಡಲು 2024ರಲ್ಲಿ ಕಾನೂನನ್ನೇ ತಂದರು. ಲಂಡನ್ನಿನ ಸಂಸತ್ತಿಗೆ ಹೋಗುವ 32 ಮಂದಿ ಬೇರೆ. ಆಸ್ಪತ್ರೆ, ಶಾಲೆ, ರಸ್ತೆಗಳ ಹೊಣೆ ಕಾರ್ಡಿಫ್ ಸರ್ಕಾರದ್ದು. ಹಣದ ಬಹುಪಾಲು ಲಂಡನ್ನಿನಿಂದ ಇಡಿಗಂಟಾಗಿ ಬರುತ್ತದೆ. ‘ಕೇಂದ್ರ ಕೊಡಲಿಲ್ಲ, ನಾವೇನು ಮಾಡೋಣ’ ಎಂಬ ರಾಗ ಇಲ್ಲಿಯೂ ಇದೆ. ಅದರಲ್ಲಿ ನಮಗೂ ಇವರಿಗೂ ಏನೂ ವ್ಯತ್ಯಾಸವಿಲ್ಲ.

ವ್ಯತ್ಯಾಸ ಕಂಡದ್ದು ಒಂದು ಸೇತುವೆಯ ವಿಷಯದಲ್ಲಿ.

ದ್ವೀಪವನ್ನು ಮುಖ್ಯಭೂಮಿಗೆ ಸೇರಿಸುವ ಮೆನಾಯ್ ತೂಗುಸೇತುವೆ ಥಾಮಸ್ ಟೆಲ್ಫರ್ಡ್ ಎಂಬ ಎಂಜಿನಿಯರ್ ಕಟ್ಟಿದ್ದು, 1826ರಲ್ಲಿ ತೆರೆದದ್ದು. ಗೋಕಾಕ ಫಾಲ್ಸ್‌ನ ತೂಗುಸೇತುವೆಯ ಮೇಲೆ ಹೆದರುತ್ತ ನಡೆದವರು ಇದನ್ನು ನೋಡಿದರೆ ದಂಗಾಗುತ್ತಾರೆ. ಇದರ ಮೇಲೆ ಬಸ್ ಓಡುತ್ತಿತ್ತು. 2022ರ ಅಕ್ಟೋಬರ್ 21ರ ಶುಕ್ರವಾರ ಮಧ್ಯಾಹ್ನ ಇದನ್ನು ಏಕಾಏಕಿ ಮುಚ್ಚಿದರು. ರಸ್ತೆಯನ್ನು ಎತ್ತಿಹಿಡಿದಿರುವ ತೂಗುಸರಳುಗಳು ಮುರಿಯುವ ಅಪಾಯವಿದೆ ಎಂದು ಎಂಜಿನಿಯರುಗಳು ಹೇಳಿದ್ದೇ ಕಾರಣ. ಉಳಿದದ್ದು ಒಂದೇ, ಬ್ರಿಟಾನಿಯಾ ಸೇತುವೆ. ಅದು 1850ರ ರೈಲು ಸೇತುವೆ. ಅದರ ತಲೆಯ ಮೇಲೆ ವಾಹನಗಳಿಗೆ ರಸ್ತೆ ಹಾಕಿದ್ದು 1980ರಲ್ಲಿ. ಆಚೆಗೊಂದು ಸಾಲು, ಈಚೆಗೊಂದು ಸಾಲು. ಜೋರು ಗಾಳಿ ಬೀಸಿದರೆ ಅದಕ್ಕೂ ನಿರ್ಬಂಧ. ನನ್ನ ಕಚೇರಿ ಆ ಕಡೆಯ ಬ್ಯಾಂಗರ್ ಪಟ್ಟಣದಲ್ಲಿ. ಆ ಚಳಿಗಾಲದಲ್ಲಿ ಕಾರಿನ ಸಾಲಿನಲ್ಲಿ ಕುಳಿತು ಮುಂದಿನ ಗಾಡಿಯ ಹಿಂದೀಪ ನೋಡಿದ್ದೇ ನೋಡಿದ್ದು.

ಊರಿನ ಕಾಕಾನಿಗೆ ಫೋನಿನಲ್ಲಿ ಇದನ್ನು ಹೇಳಿದೆ.

“ಸೇತುವೆ ಮುಳುಗಿತೇನು?”

“ಇಲ್ಲ ಕಾಕಾ. ಮುರಿಯಬಹುದು ಎಂದು ಮುಚ್ಚಿದ್ದಾರೆ.”

“ಮುರಿಯುವ ಮೊದಲೇ?”

“ಹೌದು.”

“ನಿಮ್ಮವರಿಗೆ ಬೇರೆ ಕೆಲಸವಿಲ್ಲ ಬಿಡು.”

ಕಾಕಾನ ಮಾತಿಗೆ ಕಾರಣವಿದೆ. ನಮ್ಮೂರು ಚಿಕ್ಕೋಡಿ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯಲ್ಲಿ. ಸಹ್ಯಾದ್ರಿಯಲ್ಲಿ ಮಳೆ ಹೊಡೆದು, ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದಲೂ ದೂಧಗಂಗಾ, ವೇದಗಂಗಾ ನದಿಗಳಿಂದಲೂ ನೀರು ಬರತೊಡಗಿದರೆ ನಮ್ಮ ಕಡೆಯ ಕೆಳಮಟ್ಟದ ಸೇತುವೆಗಳು ಒಂದರ ಹಿಂದೆ ಒಂದು ನೀರೊಳಗೆ ಹೋಗುತ್ತವೆ: ಕಲ್ಲೋಳ–ಯಡೂರು, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಅಕ್ಕೋಳ–ಸಿದ್ನಾಳ, ಜತ್ರಾಟ–ಭಿವಶಿ. ಜುಲೈ ತಿಂಗಳ ಪತ್ರಿಕೆ ತೆಗೆದರೆ ಈ ಹೆಸರುಗಳು ಪಂಚಾಂಗದಲ್ಲಿ ಬರುವ ಹಬ್ಬಗಳಂತೆ ಸಾಲಾಗಿ ಬರುತ್ತವೆ. ತಹಶೀಲ್ದಾರರು ಬರುತ್ತಾರೆ, ಪೊಲೀಸರು ಬ್ಯಾರಿಕೇಡ್ ಹಚ್ಚುತ್ತಾರೆ, ಜನ ಸುತ್ತುಬಳಸಿನ ದಾರಿ ಹಿಡಿಯುತ್ತಾರೆ, ನೀರು ಇಳಿಯುತ್ತದೆ, ಸೇತುವೆಯ ಮೇಲಿನ ಕೆಸರು ಬಳಿಯುತ್ತಾರೆ. ಮುಂದಿನ ವರ್ಷ ಮತ್ತೆ ಅದೇ.

ಇಲ್ಲಿ ನಡೆದದ್ದು ಬೇರೆ. ಸೆನೆದ್‌ನಲ್ಲಿ ದ್ವೀಪದ ಸದಸ್ಯರು ಆಗ ಪ್ಲೈಡ್ ಕಮ್ರಿ ಪಕ್ಷದ ರುನ್ ಅಪ್ ಯೋರ್ವರ್ತ್. ಅವರ ಪಕ್ಷ ಆ ಹೊತ್ತಿಗೆ ಆಳುವ ಲೇಬರ್ ಸರ್ಕಾರದೊಂದಿಗೆ ಸಹಕಾರ ಒಪ್ಪಂದ ಮಾಡಿಕೊಂಡಿತ್ತು. ಆದರೂ ಅವರು ಸೇತುವೆಯ ವಿಷಯ ಬಿಡಲಿಲ್ಲ. ಸಾರಿಗೆ ನೋಡಿಕೊಳ್ಳುತ್ತಿದ್ದ ಉಪಸಚಿವ ಲೀ ವಾಟರ್ಸ್ ಉತ್ತರ ಕೊಡಬೇಕಿತ್ತು. ಪ್ರಶ್ನೆಗಳೇನೂ ಮಹಾ ಭಾಷಣಗಳಲ್ಲ. ಅಪಾಯ ಯಾವಾಗ ಗೊತ್ತಾಯಿತು, ದುರಸ್ತಿ ಯಾವಾಗ ಮುಗಿಯುತ್ತದೆ, ಸೇತುವೆಯ ಬುಡದ ಪಟ್ಟಣದಲ್ಲಿ ವ್ಯಾಪಾರ ನಿಂತ ಅಂಗಡಿಯವರಿಗೆ ಏನು ನೆರವು, ಮೂರನೆಯ ಸೇತುವೆ ಕಟ್ಟುತ್ತೀರೋ ಇಲ್ಲವೋ. ಸದನದಲ್ಲಿ ಇಲ್ಲಿನ ನುಡಿ ವೆಲ್ಷ್‌ನಲ್ಲಿಯೂ ಕೇಳಬಹುದು, ಇಂಗ್ಲಿಷಿನಲ್ಲಿಯೂ ಕೇಳಬಹುದು. ವೆಲ್ಷ್ ಬಾರದ ಮಂತ್ರಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅನುವಾದ ಕೇಳುತ್ತಾರೆ, ಕಡತ ಎರಡೂ ಭಾಷೆಯಲ್ಲಿ ಸಿದ್ಧವಾಗುತ್ತದೆ. ಗಡಿಭಾಗದಲ್ಲಿ ಬೆಳೆದ ನನಗೆ, ಭಾಷೆಯ ಹೆಸರಿನಲ್ಲಿ ಒಂದು ಕುರ್ಚಿಯೂ ಹಾರದೆ ಇದು ನಡೆಯುವುದನ್ನು ನೋಡುವುದೇ ಒಂದು ಸುಖ.

ಮುಖ್ಯಮಂತ್ರಿಗೆ ಸಮನಾದ ‘ಪ್ರಥಮ ಸಚಿವ’ರನ್ನು ಪ್ರಶ್ನಿಸುವುದು ಮಂಗಳವಾರ ಮಧ್ಯಾಹ್ನ ಒಂದೂವರೆಗೆ. ಯಾರ ಪ್ರಶ್ನೆ ಬರಬೇಕೆಂಬುದನ್ನು ಚೀಟಿ ಎತ್ತಿ ಮೊದಲೇ ನಿರ್ಧರಿಸಿರುತ್ತಾರೆ. ಮೊದಲ ಪ್ರಶ್ನೆ ಅಚ್ಚಾಗಿರುತ್ತದೆ, ಅದಕ್ಕೆ ಅಧಿಕಾರಿಗಳು ಬರೆದುಕೊಟ್ಟ ಉತ್ತರವೂ ಸಿದ್ಧ. ಕುತ್ತಿಗೆ ಹಿಡಿಯುವುದು ಅದರ ಬೆನ್ನಿಗೆ ಬರುವ ಉಪಪ್ರಶ್ನೆ. ಅದರ ಸುಳಿವು ಮಂತ್ರಿಗೆ ಇರುವುದಿಲ್ಲ.

ನನ್ನ ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ ಇದ್ದಾರೆ. ಈ ಕಲಾಪವನ್ನು ತಪ್ಪದೆ ನೋಡುತ್ತಾರೆ. ಅವರ ಬಳಿ ಮಕ್ಕಳು ಶಾಲೆಗೆ ಒಯ್ಯುವಂಥ ಒಂದು ಗೆರೆ ನೋಟುಪುಸ್ತಕವಿದೆ. ಪುಟಕ್ಕೆ ಮೂರು ಕಲಂ. ಮೊದಲನೆಯದರಲ್ಲಿ ಪ್ರಶ್ನೆ, ಎರಡನೆಯದರಲ್ಲಿ ಮಂತ್ರಿ ಹೇಳಿದ್ದು, ಮೂರನೆಯದರಲ್ಲಿ ಕೆಂಪು ಪೆನ್ನಿನಲ್ಲಿ ‘ಉತ್ತರ ಬಂದಿದೆ’ ಅಥವಾ ‘ಬಂದಿಲ್ಲ’. ಬಾರದ್ದಕ್ಕೆ ಸದಸ್ಯರ ಕಚೇರಿಗೆ ಕಾಗದ. ಅಲ್ಲಿಂದ ಮರುಟಪಾಲು ಬರುತ್ತದೆ, ಅದಕ್ಕೆ ಮಂತ್ರಿಯ ಪತ್ರದ ಪ್ರತಿ ಲಗತ್ತಿಸಿರುತ್ತಾರೆ. ಆ ಪತ್ರಗಳನ್ನು ನನಗೆ ತೋರಿಸಿದರು. ಒಂದರಲ್ಲಿಯೂ ನಮಸ್ಕಾರ–ಉಪಚಾರಗಳಾಚೆ ಎರಡು ಪ್ಯಾರಾಕ್ಕಿಂತ ಹೆಚ್ಚಿಲ್ಲ. ಅಷ್ಟರಲ್ಲೇ ತಾರೀಖು ಇದೆ, ಮೊತ್ತ ಇದೆ, ಯಾರ ಹೊಣೆ ಎಂಬುದು ಇದೆ.

ಸೇತುವೆಯ ಬುಡದ ಪಟ್ಟಣದಲ್ಲಿ ಕಾರು ನಿಲ್ಲಿಸಲು ಹಣ ಕೊಡಬೇಕಾಗಿಲ್ಲ ಎಂದಾಯಿತು. ಅಂಗಡಿಗಳಿಗೆ ಜನ ಬರಲಿ ಎಂದು. 2023ರ ಫೆಬ್ರುವರಿ 2ರಂದು ಸೇತುವೆ ಮತ್ತೆ ತೆರೆಯಿತು, ಏಳೂವರೆ ಟನ್ನಿನ ಮಿತಿಯೊಂದಿಗೆ. ಅದೇ ತಿಂಗಳು ಹೊಸ ರಸ್ತೆ ಯೋಜನೆಗಳ ಪರಿಶೀಲನಾ ವರದಿ ಬಂದು, ಮೂರನೆಯ ಸೇತುವೆಯ ಯೋಜನೆಯನ್ನು ಕೈಬಿಟ್ಟಿದ್ದೇವೆ ಎಂದು ಸರ್ಕಾರ ಹೇಳಿಬಿಟ್ಟಿತು. ಕಾರಿನ ಓಡಾಟವನ್ನೂ ಹೊಗೆಯನ್ನೂ ಹೆಚ್ಚಿಸುವ ರಸ್ತೆಗಳಿಗೆ ಇನ್ನು ಹಣ ಹಾಕುವುದಿಲ್ಲ ಎಂಬುದು ಅವರ ಆಗಿನ ನೀತಿ. ದ್ವೀಪ ಸಿಟ್ಟಾಯಿತು. ಶಿಕ್ಷಕಿಯೂ ಸಿಟ್ಟಾದರು. ಆದರೆ ನೋಟುಪುಸ್ತಕದ ಮೂರನೆಯ ಕಲಮಿನಲ್ಲಿ ‘ಉತ್ತರ ಬಂದಿದೆ’ ಎಂದು ಬರೆದು ಕೆಳಗೆ ಗೆರೆ ಎಳೆದರು.

ನನ್ನ ತಕರಾರು ಇರುವುದು ಇಲ್ಲೇ. ‘ಆಗುವುದಿಲ್ಲ, ಇಂಥ ಕಾರಣಕ್ಕೆ ಆಗುವುದಿಲ್ಲ’ ಎಂದು ಮಂತ್ರಿ ಎದ್ದು ನಿಂತು ಹೇಳಿದರೆ, ಆ ಕಾರಣದ ಜೊತೆ ಜಗಳವಾಡಬಹುದು. ಅಂಕಿ ತಪ್ಪೆಂದು ತೋರಿಸಬಹುದು, ಚುನಾವಣೆಯಲ್ಲಿ ಅದನ್ನೇ ಮುಂದಿಟ್ಟು ಮತ ಕೇಳಬಹುದು. ನಮ್ಮ ವಿಧಾನಮಂಡಲದ ಉತ್ತರಗಳನ್ನು ಓದಿ ನೋಡಿ. ಅವೆಲ್ಲ ಅಚ್ಚುಕಟ್ಟಾಗಿ ಕನ್ನಡದಲ್ಲೇ ಇವೆ, ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತವೆ, ಅದಕ್ಕೆ ಮೆಚ್ಚಲೇಬೇಕು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. (ಅ) ಇಂಥ ಸಮಸ್ಯೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದೆ. (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? ಪ್ರಸ್ತಾವನೆ ಪರಿಶೀಲನೆಯಲ್ಲಿದೆ. (ಇ) ಯಾವ ಕಾಲಮಿತಿಯಲ್ಲಿ ಪೂರ್ಣಗೊಳಿಸಲಾಗುವುದು? ಅನುದಾನದ ಲಭ್ಯತೆಗನುಗುಣವಾಗಿ ಕ್ರಮ ವಹಿಸಲಾಗುವುದು. ಪರಿಶೀಲನೆಯಲ್ಲಿರುವುದರ ಜೊತೆ ಯಾರು, ಹೇಗೆ ಜಗಳವಾಡಬೇಕು? ಹಿಡಿಯಲು ಜುಟ್ಟೇ ಇಲ್ಲ.

ಬೆಳಗಾವಿಯಲ್ಲಿ ಮೊದಲ ಅಧಿವೇಶನ ನಡೆದದ್ದು 2006ರಲ್ಲಿ, ಕೆಎಲ್ಇ ಆವರಣದಲ್ಲಿ. ಕಾರ್ಡಿಫಿನ ಈಗಿನ ಸೆನೆದ್ ಕಟ್ಟಡ ಉದ್ಘಾಟನೆಯಾದದ್ದೂ ಅದೇ ವರ್ಷದ ಮಾರ್ಚ್‌ನಲ್ಲಿ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರು ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದಾಗ, ಇನ್ನು ಸರ್ಕಾರವೇ ನಮ್ಮ ಅಂಗಳಕ್ಕೆ ಬಂತು ಎಂದು ನಂಬಿದವರಲ್ಲಿ ನಮ್ಮ ಮನೆಯವರೂ ಇದ್ದರು. ಈಗ ಡಿಸೆಂಬರ್ ಬಂದರೆ ಹೆಚ್ಚೆಂದರೆ ಎರಡು ವಾರದ ಗದ್ದಲ. ಹೋಟೆಲುಗಳು ಭರ್ತಿ, ಸೌಧದ ಸಮೀಪ ಪ್ರತಿಭಟನೆಯ ಪೆಂಡಾಲುಗಳು, ಒಳಗೆ ಸದನದ ಬಾವಿಗಿಳಿದು ಧರಣಿ. ಪ್ರಶ್ನೋತ್ತರ ವೇಳೆ ಎಷ್ಟೋ ದಿನ ಅದಕ್ಕೇ ಆಹುತಿ. ಉತ್ತರ ಕರ್ನಾಟಕದ ಚರ್ಚೆಯನ್ನು ಕಡೆಯ ದಿನಗಳಿಗೆ ತಳ್ಳುವುದು, ಆ ಹೊತ್ತಿಗೆ ಅರ್ಧ ಸದನ ಊರಿನ ದಾರಿ ಹಿಡಿದಿರುವುದು. ಇಷ್ಟು ಖರ್ಚು ಮಾಡಿ ಸದನವನ್ನೇ ಹತ್ತಿರ ತಂದರೂ ಉತ್ತರ ಹತ್ತಿರ ಬಂದಿಲ್ಲ. ಆಂಗಲ್ಸಿಯವರಿಗೆ ಹೀಗೆ ಅಧಿವೇಶನವನ್ನು ಬಾಗಿಲಿಗೆ ತರುವ ಸಂಪ್ರದಾಯವಿಲ್ಲ. ತಮ್ಮ ಸದಸ್ಯರು ವಾರವಾರ ಹೋಗಿ ಕೇಳಿಬರುತ್ತಾರೆ, ಅಷ್ಟೆ.

ತಪ್ಪು ಶಾಸಕರದ್ದೊಂದೇ ಅಲ್ಲ. ನಮ್ಮ ಕಡೆ ಶಾಸಕರು ಮದುವೆಗೆ ಬಂದು ಅಕ್ಷತೆ ಹಾಕಬೇಕು, ಜಾತ್ರೆಗೆ ಬರಬೇಕು, ಗುದ್ದಲಿಪೂಜೆಗೆ ಬರಬೇಕು, ಸತ್ತ ಮನೆಗೆ ಮೂರು ದಿನದೊಳಗೆ ಬರಬೇಕು. ಬಾರದಿದ್ದರೆ ಐದು ವರ್ಷ ನೆನಪಿಟ್ಟುಕೊಳ್ಳುತ್ತೇವೆ. ಸದನದಲ್ಲಿ ಯಾವ ಪ್ರಶ್ನೆ ಕೇಳಿದಿರಿ ಎಂದು ಕೇಳಿದ ಒಬ್ಬ ಮತದಾರನನ್ನು ನಾನು ನೋಡಿಲ್ಲ. ಇಲ್ಲಿ ಸದಸ್ಯರನ್ನು ಮದುವೆಗೆ ಕರೆಯುವ ಯೋಚನೆಯೇ ಯಾರಿಗೂ ಬರುವುದಿಲ್ಲ. ಅದೂ ಒಂಥರ ಬೋಳುಬೋಳಾದ ಸಂಬಂಧ ಎಂದು ನನಗೆ ಅನ್ನಿಸುವುದುಂಟು.

ಇಲ್ಲಿ ಕೇಳಿದ್ದೆಲ್ಲ ನೆಟ್ಟಗಾಗುತ್ತದೆ ಎಂದೇನೂ ಭಾವಿಸಬೇಡಿ. ಉತ್ತರ ವೇಲ್ಸಿನ ಸರ್ಕಾರಿ ಆಸ್ಪತ್ರೆಗಳನ್ನು ನಡೆಸುವ ಆರೋಗ್ಯ ಮಂಡಳಿಯನ್ನು 2015ರಲ್ಲಿ ಸರ್ಕಾರ ವಿಶೇಷ ನಿಗಾಕ್ಕೆ ಒಳಪಡಿಸಿತು. 2020ರಲ್ಲಿ ತೆಗೆದು, 2023ರ ಫೆಬ್ರುವರಿಯಲ್ಲಿ ಮತ್ತೆ ಒಳಪಡಿಸಿತು. ಅದಕ್ಕೂ ಮೊದಲು, 2021-22ರ ಲೆಕ್ಕಪತ್ರದಲ್ಲಿ 12.2 ಕೋಟಿ ಪೌಂಡ್ ಮೊತ್ತದ ವಿಷಯದಲ್ಲಿ ಮಹಾಲೆಕ್ಕಪರಿಶೋಧಕರು ಆಕ್ಷೇಪ ಎತ್ತಿದ್ದರು. ಸದನದಲ್ಲಿ ಎಷ್ಟು ಪ್ರಶ್ನೆ ಬಂದರೂ ಶಸ್ತ್ರಚಿಕಿತ್ಸೆಗೆ ಕಾಯುವವರ ಸಾಲು ಕರಗಿಲ್ಲ. ಸೇತುವೆಯೂ ಅಷ್ಟೆ: 2025ರ ಅಕ್ಟೋಬರ್‌ನಲ್ಲಿ ಮತ್ತೆ ಮೂರು ಟನ್ ಮೀರಿದ ವಾಹನಗಳನ್ನು ತಡೆದರು, ಬಸ್ಸುಗಳು ನಿಂತವು. ಪಕ್ಕದ ಮನೆಯಲ್ಲಿ ನೋಟುಪುಸ್ತಕ ಮತ್ತೆ ಹೊರಬಂತು.

ಅದನ್ನು ನೋಡಿದ ಮೇಲೆ ನಾನು ಕಾಕಾನಿಗೆ ಒಂದು ಸಲಹೆ ಕೊಟ್ಟೆ. ನಮ್ಮ ಸೇತುವೆಯ ಬಗ್ಗೆ ಮನವಿಪತ್ರ ಬೇಡ. ಮನವಿಪತ್ರಗಳು ಫೋಟೋ ತೆಗೆಸಿಕೊಂಡ ಮೇಲೆ ಎಲ್ಲಿಗೆ ಹೋಗುತ್ತವೆಂದು ಎಲ್ಲರಿಗೂ ಗೊತ್ತು. ಅದರ ಬದಲು ಪ್ರಶ್ನೆಯನ್ನೇ ಬರೆದು ಶಾಸಕರ ಆಪ್ತ ಸಹಾಯಕರ ಕೈಗೆ ಕೊಡೋಣ, ಅಧಿವೇಶನದ ದಿನಾಂಕ ಗೊತ್ತಾದ ಕೂಡಲೇ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಒಳ್ಳೆಯದು, ಉಪಪ್ರಶ್ನೆ ಕೇಳಬಹುದು. ಚುಕ್ಕೆ ರಹಿತವಾದರೂ ಲಿಖಿತ ಉತ್ತರವಂತೂ ಬರುತ್ತದೆ. ‘ಗಮನಕ್ಕೆ ಬಂದಿದೆಯೇ’ ಎಂದು ಮಾತ್ರ ಕೇಳಬಾರದು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ನನ್ನ ಕರಡು ಹೀಗಿತ್ತು: ಕಳೆದ ಐದು ವರ್ಷಗಳಲ್ಲಿ ಸದರಿ ಸೇತುವೆಯು ಪ್ರತಿ ವರ್ಷ ಎಷ್ಟು ದಿನ ಸಂಚಾರಕ್ಕೆ ಬಂದ್ ಆಗಿತ್ತು? ಪ್ರವಾಹದ ನಂತರದ ದುರಸ್ತಿಗೆ ವರ್ಷವಾರು ಖರ್ಚಾದ ಮೊತ್ತವೆಷ್ಟು, ಗುತ್ತಿಗೆದಾರರು ಯಾರು? ಎತ್ತರದ ಸೇತುವೆಗೆ ವಿಸ್ತೃತ ಯೋಜನಾ ವರದಿ ಸಿದ್ಧವಾಗಿದೆಯೇ. ಆಗಿದ್ದಲ್ಲಿ ಯಾವ ದಿನಾಂಕದಿಂದ ಯಾವ ಅಧಿಕಾರಿಯ ಬಳಿ ಇದೆ. ಇಲ್ಲವಾದಲ್ಲಿ, ಕಟ್ಟುವ ಉದ್ದೇಶವಿಲ್ಲವೆಂದು ಭಾವಿಸಬಹುದೇ?

ಕಾಕಾ ಅದನ್ನು ಹಾಲಿನ ಡೇರಿಯ ಮುಂದೆ ನಾಲ್ಕು ಜನರ ನಡುವೆ ಓದಿಸಿದರಂತೆ. ಕೊನೆಯ ಸಾಲು ಎಲ್ಲರಿಗೂ ಹಿಡಿಸಿತು, ಗುತ್ತಿಗೆದಾರನ ಹೆಸರು ಮಾತ್ರ ಬೇಡವೆಂದು ಒಬ್ಬರು ಹಠ ಹಿಡಿದರು. ಯಾಕೆಂದು ಕೇಳಿದ್ದಕ್ಕೆ ಯಾರೂ ಬಾಯಿ ಬಿಡಲಿಲ್ಲ. ರಾತ್ರಿ ಕಾಕಾನ ಫೋನ್ ಬಂತು.

“ತಮ್ಮಾ, ನೀನು ಬರೆದದ್ದು ಚೆನ್ನಾಗಿದೆ. ಆದರೆ ಬೋಟು ಮರೆತಿದ್ದೀ. ಮಹಾಪೂರ ಬಂದಾಗ ಈ ಊರಿಗೆ ಯಾವ ಬೋಟು, ಅದು ಈಗ ಎಲ್ಲಿದೆ, ನಡೆಸುವವನು ಯಾರು — ಇದನ್ನು ಮೊದಲು ಹಾಕು.”

“ಖರ್ಚಿನ ಲೆಕ್ಕ ಮೊದಲಿರಲಿ ಕಾಕಾ.”

“ಖರ್ಚಿನ ಲೆಕ್ಕ ಕೇಳಿದರೆ ಅನುಬಂಧದಲ್ಲಿದೆ ಎನ್ನುತ್ತಾರೆ. ಬೋಟು ಎಲ್ಲಿದೆ ಎಂದರೆ ದಂಡೆಗೆ ತಂದು ತೋರಿಸಬೇಕಾಗುತ್ತದೆ.”