ರಾಜಕಾರಣಿಗಳ ಜೊತೆ ಅಷ್ಟೊಂದು ಸಲುಗೆ ಯಾಕೆ?

ವಿಧಾನಸೌಧದ ಬೀಟ್ ಮಾಡುವ, ಅಂದರೆ ಅಲ್ಲಿನ ಸುದ್ದಿ ಬರೆಯುವ ನಮ್ಮಂಥ ವರದಿಗಾರರಿಗೆ ಮದುವೆಮನೆಗೆ ಹೋದರೂ ಈ ಪ್ರಶ್ನೆ ತಪ್ಪಿದ್ದಲ್ಲ: "ಮಂತ್ರಿಗಳನ್ನ ಅಣ್ಣಾ ಅಂತ ಕರೀತೀರಿ. ಆಮೇಲೆ ಅವರ ವಿರುದ್ಧ ಹೇಗ್ರೀ ಬರೀತೀರಿ? ಫಾರಿನ್ನಲ್ಲಿ ಹೀಗೆಲ್ಲ ಇರಲ್ಲ ಅಲ್ವಾ?"

ಇರುತ್ತದೆ. ಕೆಲವು ಕಡೆ ನಮಗಿಂತ ಜಾಸ್ತಿ.

ಜಪಾನನ್ನೇ ನೋಡಿ. ಅಲ್ಲಿ ದೊಡ್ಡ ಪತ್ರಿಕೆಗಳು ಒಬ್ಬೊಬ್ಬ ನಾಯಕನ ಬೆನ್ನಿಗೆ ಒಬ್ಬೊಬ್ಬ ವರದಿಗಾರನನ್ನು ಬಿಡುತ್ತವೆ. ಬೆಳಿಗ್ಗೆ ನಾಯಕ ಮನೆಯಿಂದ ಹೊರಟಾಗ ಬಾಗಿಲಲ್ಲಿ ಹಾಜರ್, ರಾತ್ರಿ ವಾಪಸ್ ಬಂದಾಗಲೂ ಹಾಜರ್. ಜೊತೆಗೆ 'ಕಿಶಾ ಕ್ಲಬ್' ಎಂಬ ಪತ್ರಕರ್ತರ ಕೂಟಗಳಿವೆ. ಸದಸ್ಯರಲ್ಲದವರಿಗೆ ಸುದ್ದಿಗೋಷ್ಠಿಯಲ್ಲಿ ಜಾಗ ಸಿಗುವುದೇ ಕಷ್ಟ. ಇಷ್ಟು ಹತ್ತಿರ ಇದ್ದೂ 1974ರಲ್ಲಿ ಪ್ರಧಾನಿ ಕಾಕುಯೆ ತನಾಕಾ ಅವರ ದುಡ್ಡಿನ ವ್ಯವಹಾರ ಬಯಲಿಗೆಳೆದವರು ಯಾರು? ಮಾಸಪತ್ರಿಕೆಯೊಂದಕ್ಕೆ ಬರೆದ ತಾಕಾಶಿ ತಾಚಿಬಾನಾ ಎಂಬ ಫ್ರೀಲಾನ್ಸರ್, ಅಂದರೆ ಯಾವ ಪತ್ರಿಕೆಯ ನೌಕರನೂ ಅಲ್ಲದ ಪತ್ರಕರ್ತ. ವಿದೇಶಿ ಪತ್ರಕರ್ತರು ತನಾಕಾ ಎದುರಿಗೇ ಆ ಪ್ರಶ್ನೆ ಹಾಕಿದ ಮೇಲೆಯೇ ದೊಡ್ಡ ಪತ್ರಿಕೆಗಳು ಪೆನ್ನು ಬಿಚ್ಚಿದ್ದು. ಆ ವರ್ಷ ಮುಗಿಯುವುದರೊಳಗೆ ತನಾಕಾ ಕುರ್ಚಿ ಬಿಟ್ಟರು.

ಅಮೆರಿಕದ ಅಧ್ಯಕ್ಷ ನಿಕ್ಸನ್ ಕುರ್ಚಿ ಕಳೆದ ವಾಟರ್‌ಗೇಟ್ ಹಗರಣ ಕೂಡ ಅಷ್ಟೇ. ಅದರ ಬೆನ್ನು ಹತ್ತಿದ ವುಡ್‌ವರ್ಡ್, ಬರ್ನ್‌ಸ್ಟೀನ್ ಇಬ್ಬರೂ ವಾಷಿಂಗ್ಟನ್ ಪೋಸ್ಟ್‌ನ ಸ್ಥಳೀಯ ಸುದ್ದಿಯವರು, ಶ್ವೇತಭವನದ ಬೀಟಿನವರಲ್ಲ.

ನನಗೆ ಹೊಟ್ಟೆಕಿಚ್ಚು ಇರುವುದು ಜರ್ಮನಿ ಮೇಲೆ. ಅಲ್ಲಿ 1949ರಿಂದ ಪತ್ರಕರ್ತರದೇ ಒಂದು ಸಂಘವಿದೆ. ವಾರಕ್ಕೆ ಮೂರು ದಿನ ಸರ್ಕಾರದ ವಕ್ತಾರರು ಅಲ್ಲಿಗೆ ಅತಿಥಿಗಳಾಗಿ ಬರಬೇಕು. ಯಾರು ಪ್ರಶ್ನೆ ಕೇಳಬೇಕು ಅಂತ ಹೇಳುವವರೂ ಪತ್ರಕರ್ತರೇ. ನಮ್ಮಲ್ಲಿ? ಕರೆಯುವವರು ಮಂತ್ರಿಗಳು. ಮೇಜಿನ ಮೇಲೆ ಚಾನೆಲ್ ಮೈಕುಗಳ ರಾಶಿ. ಟೆಂಡರ್ ಬಗ್ಗೆ ಯಾರಾದರೂ ಬಾಯಿ ತೆಗೆದರೆ ಹಿಂದೆ ನಿಂತ ಪಿಎ "ಸಾಕು ಸಾಕು, ಸಾಹೇಬ್ರಿಗೆ ಮೀಟಿಂಗ್ ಇದೆ" ಅನ್ನುತ್ತಾರೆ. ಸಾಹೇಬರೂ ಎದ್ದೇಬಿಡುತ್ತಾರೆ.

ಹಾಗಂತ ಜರ್ಮನಿಯೂ ಸ್ವರ್ಗವೇನಲ್ಲ. ಅಚ್ಚಾಗುವ ಮೊದಲು ಸಂದರ್ಶನವನ್ನು ನಾಯಕರಿಗೇ ಕಳಿಸಿ ಒಪ್ಪಿಗೆ ಪಡೆಯುವ ರೂಢಿ ಅಲ್ಲಿದೆ. 2003ರಲ್ಲಿ, ಮುಂದೆ ಚಾನ್ಸೆಲರ್ ಆದ ಓಲಾಫ್ ಶೋಲ್ಜ್ ಕಡೆಯಿಂದ ಒಪ್ಪಿಗೆ ಸಿಗದಾಗ 'ಟಾಟ್ಸ್' ಪತ್ರಿಕೆ ಪ್ರಶ್ನೆಗಳನ್ನಷ್ಟೇ ಉಳಿಸಿ, ಉತ್ತರಗಳಿಗೆಲ್ಲ ಕಪ್ಪು ಬಳಿದು ಛಾಪಿಸಿತು. ಎಂಥ ಧೈರ್ಯ ನೋಡಿ!

ನನ್ನ ಉತ್ತರ ಇಷ್ಟೇ. ಯಾರು ಯಾವ ಬಣ, ಸಂಪುಟ ವಿಸ್ತರಣೆ ಯಾವಾಗ, ಇದೆಲ್ಲ ಸಲುಗೆಯಿಂದ ಸಿಗುತ್ತದೆ. ಆ ಮಟ್ಟಿಗೆ ಸಲುಗೆ ಬೇಕು, ನಾನಂತೂ ಬಿಡುವುದಿಲ್ಲ. ಆದರೆ ಕಡತದೊಳಗಿನ ವಿಷಯ ಯಾವ ಅಣ್ಣನೂ ಕೊಡುವುದಿಲ್ಲ. ಅದಕ್ಕೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಓದಬೇಕು, ಆರ್‌ಟಿಐ ಅರ್ಜಿ ಹಾಕಬೇಕು, ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಬೇಕು. ವಾರಗಟ್ಟಲೆ ಹಿಡಿಯುವ ಕೆಲಸ ಅದು. ಅಷ್ಟು ದಿನ ಬೈಟ್ (ನಾಯಕರ ಕ್ಯಾಮೆರಾ ಹೇಳಿಕೆ) ಇಲ್ಲದೆ ಸುಮ್ನೆ ಬಿಡುವ ಸುದ್ದಿ ಡೆಸ್ಕ್ ಬೆಂಗಳೂರಲ್ಲಿ ಎಲ್ಲಾದರೂ ಇದ್ದರೆ ಹೇಳಿ, ನಾಳೆಯೇ ಸೇರುತ್ತೇನೆ.