ನಿಮ್ಮ ಮುತ್ಯಾ ಎಷ್ಟು ಮಂದಿನ್ನ ಹೊಡದಾರ್ರಿ?

ಒಬ್ಬರನ್ನೂ ಇಲ್ಲ.

ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಸೈನ್ಯದಲ್ಲಿದ್ದರು, 1971ರ ಯುದ್ಧಕ್ಕೆ ಹೋಗಿದ್ದರು ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳೋದು ಇದೊಂದೇ ಪ್ರಶ್ನೆ. ಮದುವೆ ಮನೆಯಲ್ಲಿ ಕೇಳ್ತಾರೆ, ಬಸ್ಸಲ್ಲಿ ಕೇಳ್ತಾರೆ. ಹೋದ ವರ್ಷ ಅವರು ತೀರಿಕೊಂಡಾಗ, ಮಣ್ಣು ಮಾಡಿ ಬಂದು ನಾವಿನ್ನೂ ಕಾಲು ತೊಳೆದಿರಲಿಲ್ಲ, ಅಂಗಳದಲ್ಲೇ ಒಬ್ಬರು ಕೇಳಿದರು. ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ. ಇಲ್ಲ ಅಂದರೆ ಮುಖ ಸಪ್ಪಗಾಗುತ್ತೆ. "ಹೌದಾ, ಬರೇ ಡ್ರೈವರ್ ಇದ್ರೇನು?" ಅಂತಾರೆ.

ಆ "ಬರೇ" ಅನ್ನೋದನ್ನು ಮಾತ್ರ ನನ್ನಿಂದ ಸಹಿಸಲಿಕ್ಕೆ ಆಗೋದಿಲ್ಲ.

ನಮ್ಮ ಊರು ಹುಮನಾಬಾದ್ ಹತ್ತಿರ. 1948ರ ಸೆಪ್ಟೆಂಬರ್‌ನಲ್ಲಿ ಸೊಲ್ಲಾಪುರದಿಂದ ಹೊರಟ ಭಾರತದ ಸೈನ್ಯ ನಳದುರ್ಗ, ಹುಮನಾಬಾದ್ ದಾರಿ ಹಿಡಿದೇ ಹೈದರಾಬಾದ್ ಕಡೆ ಹೋಯಿತು. ಆಗ ಮುತ್ಯಾಗೆ ಆರು ವರ್ಷ. ನಿಜಾಮನ ಪರ ಇದ್ದ ರಜಾಕಾರರ ಹೆದರಿಕೆಗೆ ಮನೆಯವರು ಜೋಳವನ್ನೆಲ್ಲ ನೆಲದೊಳಗಿನ ಹಗೇವಿನಲ್ಲಿ ಮುಚ್ಚಿಟ್ಟಿದ್ದ ಕಾಲ ಅದು. ರಸ್ತೆ ಬದಿಯ ಜಾಲಿ ಗಿಡದ ಕೆಳಗೆ ನಿಂತು ಅವರು ನೋಡಿದ್ದು ಸಾಲುಸಾಲು ಲಾರಿಗಳನ್ನು. ಟ್ಯಾಂಕೂ ಇದ್ದವಂತೆ, ಬಂದೂಕು ಹಿಡಿದವರೂ ಇದ್ದರಂತೆ. ಇವರಿಗೆ ನೆನಪಿದ್ದದ್ದು ಲಾರಿ ಮಾತ್ರ. 1963ರಲ್ಲಿ ಭರ್ತಿಯಾದಾಗ ಯಾರೂ ಹೇಳಿಕೊಡದೆ ಸ್ಟೇರಿಂಗ್ ಕೇಳಿ ಪಡೆದರು.

ಇನ್ನು ಯುದ್ಧದ ಮಾತು. ರಾಜಸ್ಥಾನದ ಬಾಡಮೇರ್ ಕಡೆಯಿಂದ ನಮ್ಮ ಪಡೆ ಗಡಿ ದಾಟಿ ಪಾಕಿಸ್ತಾನದ ಸಿಂಧ್‌ನಲ್ಲಿರುವ ನಯಾ ಛೋರ್ ಕಡೆಗೆ ಹೋಯಿತು. ಎಲ್ಲ ಮರಳು. ಅಲ್ಲಿ ಕುಡಿಯುವ ನೀರೂ ಹಿಂದಿನಿಂದಲೇ ಹೋಗಬೇಕು. ಡೀಸೆಲ್, ಹಿಟ್ಟು, ಮದ್ದುಗುಂಡು ಎಲ್ಲವೂ ಹಾಗೇ. ಹಗಲು ವಿಮಾನದ ಭಯ, ಅದಕ್ಕೆ ರಾತ್ರಿ ಓಡಿಸಬೇಕು, ಅದೂ ಹೆಡ್‌ಲೈಟ್ ಹಾಕದೆ. ಹೇಗೆ ಓಡಿಸ್ತಿದ್ರಿ ಅಂತ ಒಮ್ಮೆ ಕೇಳಿದ್ದೆ. ಮಿಲ್ಟ್ರಿ ಟ್ರಕ್ಕಿನ ಹಿಂದಿನ ಗಾಲಿಗಳ ನಡುವೆ, ಕೆಳಗಡೆ, ಡಿಫರೆನ್ಶಿಯಲ್‌ನ ಕಬ್ಬಿಣದ ಗುಂಡು ಇರುತ್ತಲ್ಲ, ಅದಕ್ಕೆ ಬಿಳಿ ಬಣ್ಣ ಬಳಿದಿರ್ತಾರೆ. ಅದರ ಮೇಲೆ ಬೀಳುವ ಹಾಗೆ ಒಂದು ಸಣ್ಣ ದೀಪ. ಮೇಲಿನಿಂದ ಅದು ಯಾರಿಗೂ ಕಾಣೋದಿಲ್ಲ, ಹಿಂದಿನ ಡ್ರೈವರ್‌ಗೆ ಮಾತ್ರ ಆ ಬಿಳಿ ಗುಂಡು ಕಾಣುತ್ತೆ. ರಾತ್ರಿಯೆಲ್ಲ ಅದನ್ನೇ ನೋಡ್ತಾ ಓಡಿಸಬೇಕು. ತೀರಾ ಹತ್ತಿರ ಹೋದರೆ ಡಿಕ್ಕಿ, ದೂರ ಉಳಿದರೆ ದಾರಿ ತಪ್ಪಿತು. ಮರಳಲ್ಲಿ ಗಾಲಿ ಹೂತರೆ ಟೈರಿನ ಗಾಳಿ ಇಳಿಸಬೇಕು, ಗಟ್ಟಿ ನೆಲ ಸಿಕ್ಕ ಮೇಲೆ ಮತ್ತೆ ತುಂಬಬೇಕು. ಇದಕ್ಕೆ "ಬರೇ ಡ್ರೈವರ್" ಅಂತೀರಲ್ಲ, ಮುಂದೆ ನಿಂತವನಿಗೆ ಎರಡು ದಿನ ನೀರು ಬರದಿದ್ದರೆ ಅವನು ಹೊಡೆಯೋದಾದರೂ ಯಾರನ್ನು?

ಊರ ಶಾಲೆಯಲ್ಲಿ ಒಂದು ಆಗಸ್ಟ್ 15ಕ್ಕೆ ಮುತ್ಯಾರನ್ನು ಕರೆದಿದ್ದರು. ಎದೆಯ ಮೇಲೆ 71ರ ಯುದ್ಧದ ಪದಕಗಳು, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್. ಒಬ್ಬ ಹುಡುಗ ಎದ್ದು ಇದೇ ಪ್ರಶ್ನೆ ಕೇಳಿದ. ನಾನು ಹಿಂದಿನ ಸಾಲಿನಲ್ಲಿ ಹಲ್ಲು ಕಚ್ಚಿ ಕೂತಿದ್ದೆ. ಮುತ್ಯಾಗೆ ಸ್ವಲ್ಪವೂ ಬೇಜಾರಾಗಲಿಲ್ಲ. "ಹೊಡದಿಲ್ಲಪಾ ತಮ್ಮಾ. ನೀರು ಒಯ್ದೀನಿ. ಕುಡದವರು ಭಾಳ ಮಂದಿ ಇದ್ರು" ಅಂದರು. ಮಾಸ್ತರರು ಗಡಬಡಿಸಿ ಚಪ್ಪಾಳೆ ಹೊಡೆಸಿ ಲಾಡು ಹಂಚಿಸಿಬಿಟ್ಟರು. ಇನ್ನೂ ಹತ್ತು ನಿಮಿಷ ಮಾತಾಡಲು ಬಿಟ್ಟಿದ್ದರೆ ಆ ಮಕ್ಕಳಿಗೆ ಏನೇನು ಸಿಗ್ತಿತ್ತು ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಡಿಸೆಂಬರ್ 3ಕ್ಕೆ ಶುರುವಾಗಿ ಪಶ್ಚಿಮದಲ್ಲಿ 17ಕ್ಕೆ ನಿಂತ ಯುದ್ಧ ಅದು. ಎರಡು ವಾರ. ಮುತ್ಯಾ ಬಾಳಿದ್ದು 82 ವರ್ಷ. ಉಳಿದ ವರ್ಷಗಳ ಬಗ್ಗೆ ಯಾರೂ ಕೇಳೋದಿಲ್ಲ ಅಲ್ವಾ? ಅವರು ದುಡಿದದ್ದು ಯಾರ್ಯಾರಿಗೆ ಮುಟ್ಟಿತು ಅಂತ ಕೇಳಿ. ಆಗ ಚಹಾ ಮಾಡಿಸಿ ಕೂರಿಸಿಕೊಂಡು ಹೇಳ್ತೀನಿ.

ಯುದ್ಧ ಮುಗಿದ ಮರುವರ್ಷವೇ 72ರ ಬರ ಬಿತ್ತು. ನಮ್ಮ ಕಡೆ ಹಳಬರು ಈಗಲೂ ವಯಸ್ಸು ಹೇಳೋದು ಆ ಬರದ ಲೆಕ್ಕದಲ್ಲಿ. ಬಾವಿ ಬತ್ತಿದವು, ಜನ ಕಲ್ಲು ಒಡೆಯಲು ಹೋದರು, ಎತ್ತುಗಳನ್ನು ಸಿಕ್ಕಷ್ಟಕ್ಕೆ ಮಾರಿದರು. ಮುತ್ಯಾ ದೂರದ ಠಾಣ್ಯದಲ್ಲಿ. ಮನೆಯಲ್ಲಿ ಆಯಿ (ಮುತ್ಯಾನ ಹೆಂಡತಿ), ಮೂರು ಮಕ್ಕಳು, ಮುತ್ಯಾನ ಇಬ್ಬರು ತಮ್ಮಂದಿರು, ಹಾಸಿಗೆ ಹಿಡಿದ ತಾಯಿ. ತಿಂಗಳು ತಿಂಗಳು ಮನಿಯಾರ್ಡರ್ ಬರ್ತಿತ್ತು. ಫಾರ್ಮಿನ ಕೆಳಗೆ ನಾಲ್ಕು ಸಾಲು ಬರೆಯೋಕೆ ಜಾಗ ಇರ್ತಿತ್ತಲ್ಲ, ಆ ಚೀಟಿಗಳನ್ನು ಆಯಿ ತಂತಿಗೆ ಚುಚ್ಚಿ ಇಟ್ಟಿದ್ದಳು. ಅವಳಿಗೆ ಓದಲು ಬರ್ತಿರಲಿಲ್ಲ, ಅಂಚೆಯವನೇ ಓದಿ ಹೇಳ್ತಿದ್ದ. ಬರದ ವರ್ಷದ ಒಂದು ಚೀಟಿ ನಾನೇ ಓದಿದ್ದೇನೆ: "ಎತ್ತು ಮಾರಬ್ಯಾಡ. ಮೇವು ಕೊಳ್ಳು. ಹುಡುಗ್ಯಾರನ್ನ ಸಾಲಿ ಬಿಡಿಸಬ್ಯಾಡ." ಕ್ಷೇಮವೇ, ಹೇಗಿದ್ದೀಯ, ಏನೂ ಇಲ್ಲ. ಎತ್ತು ಉಳಿದವು. ಮಳೆ ಬಂದಾಗ ಊರಲ್ಲಿ ಮೊದಲು ಕೂರಿಗೆ ಹೂಡಿದ್ದು ನಮ್ಮ ಹೊಲದಲ್ಲಿ. ಆಮೇಲೆ ಅದೇ ಎತ್ತುಗಳು ಪಕ್ಕದ ನಾಲ್ಕು ಹೊಲ ಬಿತ್ತಿದವು, ಬಾಡಿಗೆ ಇಲ್ಲದೆ.

1979ರಲ್ಲಿ ಪಿಂಚಣಿ ತಗೊಂಡು ಬಂದವರು ಕೂತು ತಿನ್ನಬಹುದಿತ್ತು. ಸರ್ಕಾರಿ ಬಸ್ಸಿನ ಡ್ರೈವರ್ ಆದರು, 58ನೇ ವಯಸ್ಸಿನವರೆಗೆ. ನೈಟ್ ಹಾಲ್ಟ್ ಬಸ್ಸು ಅಂದರೆ ಬೇರೆಯವರು ಮುಖ ಸಿಂಡರಿಸ್ತಿದ್ದರು, ಇವರು ಹಳ್ಳಿಯಲ್ಲಿ ಬಸ್ಸಿನೊಳಗೇ ಮಲಗಿ ನಸುಕಿನಲ್ಲಿ ಗಾಜು ಒರೆಸಿ ತಯಾರಾಗ್ತಿದ್ದರು. ಹತ್ತನೇ ಕ್ಲಾಸಿನ ಪರೀಕ್ಷೆ ದಿನ ಯಾರದೋ ಮಗಳು ಬಂದಿಲ್ಲ ಅಂದರೆ ಹಾರ್ನ್ ಹೊಡೆದು ಕಾಯ್ತಿದ್ದರಂತೆ. ಕಂಡಕ್ಟರ್ ಬೈದರೂ ಸರಿ. ಆಮೇಲೆ ಹೊಲ, ತೊಗರಿ, ಎಳ್ಳಮವಾಸಿಗೆ ಇಡೀ ಮನೆತನ ಹೊಲಕ್ಕೆ ಬಂದು ಚರಗ ಚೆಲ್ಲಿ ಭಜ್ಜಿ ರೊಟ್ಟಿ ಉಣ್ಣಲೇಬೇಕು ಅನ್ನೋ ಹಟ.

80 ತುಂಬಿದ ಮೇಲೆ ಮೂಲ ಪಿಂಚಣಿಯ ಶೇ 20ರಷ್ಟು ಹೆಚ್ಚುವರಿ ಸಿಗುತ್ತೆ. ಬ್ಯಾಂಕಿನವರು ಅದನ್ನು ಹೇಳಿದಾಗ ಮುತ್ಯಾ ಅಲ್ಲೇ ನನ್ನ ಕಡೆ ತಿರುಗಿ, "ಇದು ತಂಗಿ ಹಾಸ್ಟೆಲ್‌ಗೆ" ಅಂದರು. ತಮಗೆ ಒಂದು ಹೊಸ ಚಪ್ಪಲಿ ಕೂಡ ತಗೊಳ್ಳಲಿಲ್ಲ.

ನನಗೆ ಗೊತ್ತಿರೋದು ಇಷ್ಟು. ಇದಕ್ಕಿಂತ ಜಾಸ್ತಿ ಬೇಕಿದ್ದರೆ ನಮ್ಮ ಹಿರಿ ಅತ್ತಿಯ ಹತ್ತಿರ ಹೋಗಿ. ಸಾಲಿ ಬಿಡಿಸಬ್ಯಾಡ ಅಂತ ಬರೆದದ್ದು ಅವಳ ಸಲುವಾಗಿಯೇ. ಓದಿ ಟೀಚರ್ ಆದಳು, ಈಗ ರಿಟೈರ್ ಆಗಿ ಬೀದರಿನಲ್ಲಿದ್ದಾಳೆ, ತಂತಿಯ ಚೀಟಿಗಳೂ ಅವಳ ಹತ್ತಿರವೇ ಇವೆ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ, ಉಣ್ಣದೆ ಕಳಿಸೋದಿಲ್ಲ. ಎಷ್ಟು ಮಂದಿನ್ನ ಹೊಡದಾರ ಅಂತ ಮಾತ್ರ ಅವಳನ್ನು ಕೇಳಬೇಡಿ, ಅವಳು ನನ್ನಷ್ಟು ಸಮಾಧಾನದವಳಲ್ಲ.